ಮನೆತನದ ಆಯುಧ ಮತ್ತು ಶ್ರಾವಕಧರ್ಮ

ಹಿರಿಯರು ಕಾಲವಾದ ಬಳಿಕ ಕಿರಿಯರ ಪಾಲಿಗೆ ಬರುವುದು ಭೂಮಿ-ಕಾಣಿ, ಚಿನ್ನ-ಬೆಳ್ಳಿ ಮಾತ್ರವಲ್ಲ. ತೀರದ ಸಾಲ, ಮುಗಿಯದ ವ್ಯಾಜ್ಯ, ನಡೆಸಿಕೊಂಡು ಬರಬೇಕಾದ ಪೂಜೆ, ಕೊಟ್ಟ ಮಾತು ಇವೂ ಅದರೊಡನೆ ಬರುತ್ತವೆ. ಸಾಲವನ್ನು ತೀರಿಸಬೇಕು, ವ್ಯಾಜ್ಯವನ್ನು ಮುಗಿಸಬೇಕು, ಪೂಜೆಯನ್ನು ನಡೆಸಬೇಕು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹಿರಿಯರ ಪೆಟ್ಟಿಗೆಯ ತಳದಲ್ಲಿ ಒಂದು ಆಯುಧ ದೊರೆತರೆ ಶ್ರಾವಕನಾದವನು ಅದನ್ನು ಏನು ಮಾಡಬೇಕು? ಈ ಪ್ರಶ್ನೆ ಮೇಲುನೋಟಕ್ಕೆ ಅಪರೂಪದ್ದೆನಿಸಬಹುದು. ಆದರೆ ಬೀಡು, ಗುತ್ತು, ಪಟೇಲಿಕೆಯ ಮನೆಗಳಿಂದ ಬಂದು ಪಟ್ಟಣದಲ್ಲಿ ನೆಲೆಸಿದ ತುಳುನಾಡಿನ ಜೈನ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ.

ವಿಚಾರದ ಅನುಕೂಲಕ್ಕಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಮಂಗಳೂರಿನ ಮಣ್ಣಗುಡ್ಡದಲ್ಲಿ ಒಂದು ಹಳೆಯ ಹೆಂಚಿನ ಮನೆ. ಅವಿವಾಹಿತರಾಗಿಯೇ ಉಳಿದಿದ್ದ ಸೋದರಮಾವ ತೀರಿಕೊಂಡಿದ್ದಾರೆ. ಉತ್ತರಕ್ರಿಯೆ ಮುಗಿದ ಮೇಲೆ ಮನೆಯವರು ಉಪ್ಪರಿಗೆಯ ಪೆಟ್ಟಿಗೆಗಳನ್ನು ತೆರೆಯುತ್ತಾರೆ. ಹಳೆಯ ಗೇಣಿ ಚೀಟಿಗಳ ಕಟ್ಟಿನ ಅಡಿಯಲ್ಲಿ, ಎಣ್ಣೆ ಹಿಡಿದ ಉಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಒಂದು ರಿವಾಲ್ವರ್ ಕಾಣುತ್ತದೆ. ಜತೆಗೆ ಹಸಿರು ಕಿಲುಬು ಹಿಡಿದ ಕೆಲವು ಗುಂಡುಗಳು ಮತ್ತು ಒಂದು ತಲೆಮಾರಿನ ಹಿಂದೆಯೇ ಅವಧಿ ಮುಗಿದ ಪರವಾನಿಗೆಯ ಪುಸ್ತಕ. ಪುಸ್ತಕದಲ್ಲಿರುವುದು ತೀರಿಕೊಂಡ ಮಾವನ ಹೆಸರೂ ಅಲ್ಲ, ಅವರ ಸೋದರಮಾವನ ಹೆಸರು.

ಹಿರಿಯ ಮಗ, “ಇದು ಪುರಾತನ ವಸ್ತು, ಸಂಗ್ರಹಕಾರರು ಒಳ್ಳೆಯ ಬೆಲೆ ಕೊಡುತ್ತಾರೆ” ಎನ್ನುತ್ತಾನೆ. ಕಿರಿಯವನಿಗೆ ಅದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಅಜ್ಜನ ಭಾವಚಿತ್ರದ ಬದಿಯಲ್ಲಿ ತೂಗಹಾಕುವ ಆಸೆ. ತಾಯಿ ಅದನ್ನು ನೋಡಲೂ ಒಪ್ಪದೆ, “ಮಗಾ, ಜಿನೇಶ್ವರನ ಪೂಜೆ ನಡೆಯುವ ಮನೆ ಇದು. ಇವತ್ತು ಸಂಜೆಯೇ ಹೊಳೆಗೆ ಹಾಕಿ ಬಾ” ಎನ್ನುತ್ತಾರೆ. ಕಾರ್ಕಳದಿಂದ ಬಂದ ಮಗಳು ತನ್ನ ಚಿಕ್ಕ ಮಗುವನ್ನು ಬಾಗಿಲಿನಾಚೆಗೆ ಕಳುಹಿಸಿ ಒಂದೇ ಮಾತು ಕೇಳುತ್ತಾಳೆ: “ಅಣ್ಣಾ, ಅದರೊಳಗೆ ಗುಂಡು ಇದೆಯೋ ಇಲ್ಲವೋ ಎಂದು ಯಾರಿಗಾದರೂ ಗೊತ್ತೆ?”

ಮೂವರು ಅದರ ಗತಿಯನ್ನು ನಿಶ್ಚಯಿಸಿದರು. ನಾಲ್ಕನೆಯವಳು ಮಾತ್ರ ಅದರ ಸ್ಥಿತಿಯನ್ನು ವಿಚಾರಿಸಿದಳು. ಧರ್ಮವಿಚಾರ ಪ್ರಾರಂಭವಾಗಬೇಕಾದುದು ಈ ನಾಲ್ಕನೆಯ ಮಾತಿನಿಂದಲೇ.

ವಸ್ತುವಿನಲ್ಲಿ ಪಾಪವೆಲ್ಲಿದೆ?

ಲೋಹದ ತುಂಡಿನಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅದನ್ನು ಹಿಡಿದವನ ಭಾವದಲ್ಲಿ ಎಲ್ಲವೂ ಇದೆ ಎಂಬ ಮಾತು ಕೇಳಿಬರುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ಪ್ರಮಾದದಿಂದ ಕೂಡಿದ ಮನ-ವಚನ-ಕಾಯಗಳ ಪ್ರವೃತ್ತಿಯಿಂದ ಪ್ರಾಣಘಾತವಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ನಿರೂಪಣೆ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯ ಇನ್ನೊಂದು ಮಾತನ್ನು ಸೇರಿಸಿದೆ. ಕರ್ಮಾಸ್ರವಕ್ಕೆ ಆಧಾರವಾಗುವುದು ಜೀವ ಮಾತ್ರವಲ್ಲ, ಅಜೀವವೂ ಹೌದು. ಅಜೀವಾಧಿಕರಣದಲ್ಲಿ ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂಬ ನಾಲ್ಕು ಬಗೆಗಳಿವೆ. ನಿರ್ವರ್ತನೆಯೆಂದರೆ ರಚನೆ, ನಿಕ್ಷೇಪವೆಂದರೆ ಇಡುವುದು, ಸಂಯೋಗವೆಂದರೆ ಒಂದಕ್ಕೊಂದನ್ನು ಕೂಡಿಸುವುದು, ನಿಸರ್ಗವೆಂದರೆ ಮನ-ವಚನ-ಕಾಯಗಳನ್ನು ಪ್ರವರ್ತಿಸುವುದು.

ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ನಿಕ್ಷೇಪವನ್ನು ಮತ್ತೆ ನಾಲ್ಕಾಗಿ ವಿಂಗಡಿಸಿದ್ದಾರೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ ನಿಕ್ಷೇಪ. ಸರಿಯಾಗಿ ಶೋಧಿಸದ ಸ್ಥಳದಲ್ಲಿ ಇಡುವುದು ದುಷ್ಪ್ರಮೃಷ್ಟ ನಿಕ್ಷೇಪ. ಅವಸರದಿಂದ ಇಡುವುದು ಸಹಸಾ ನಿಕ್ಷೇಪ. ಲಕ್ಷ್ಯವಿಲ್ಲದೆ ಎಲ್ಲಿಯೋ ಇಟ್ಟುಬಿಡುವುದು ಅನಾಭೋಗ ನಿಕ್ಷೇಪ. ಒಂದು ಕಮಂಡಲುವನ್ನು, ಒಂದು ಶಾಸ್ತ್ರಗ್ರಂಥವನ್ನು ಎತ್ತಿಡುವಾಗಲೂ ಕ್ಷುದ್ರಜೀವಿಗೆ ಬಾಧೆಯಾಗದಂತೆ ನೋಡಿಕೊಳ್ಳಬೇಕೆಂಬ ಆದಾನ-ನಿಕ್ಷೇಪಣ ಸಮಿತಿ ಮುನಿಗಳಿಗೆ ವಿಹಿತವಾಗಿದೆ. ಕಮಂಡಲುವಿನ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಕೊಲ್ಲುವುದಕ್ಕೆಂದೇ ನಿರ್ಮಿತವಾದ ಸಾಧನವನ್ನು ಉಪ್ಪರಿಗೆಯಲ್ಲಿ ಮರೆತುಬಿಡುವ ಗೃಹಸ್ಥನ ಸ್ಥಿತಿ ಏನೆಂಬುದನ್ನು ಹೇಳಬೇಕಾಗಿಲ್ಲ.

ಮೇಲಿನ ದೃಷ್ಟಾಂತದಲ್ಲಿ ಸೋದರಮಾವ ಆ ರಿವಾಲ್ವರನ್ನು ಒಮ್ಮೆಯೂ ಹಾರಿಸಿರಲಿಕ್ಕಿಲ್ಲ. ಅದು ಅಲ್ಲಿರುವುದೂ ಅವರಿಗೆ ಮರೆತುಹೋಗಿರಬಹುದು. ಆದರೂ ಅದು ಅಲ್ಲಿಯೇ ಇತ್ತು. ಮಕ್ಕಳು ಆಟವಾಡುವ ಮನೆಯಲ್ಲಿ, ಕಳ್ಳರು ಬರಬಹುದಾದ ಬೀದಿಯಲ್ಲಿ ಇತ್ತು. ಪ್ರಮಾದವಿದ್ದಲ್ಲಿ ಜೀವಹಾನಿ ಸಂಭವಿಸದಿದ್ದರೂ ಹಿಂಸಾದೋಷ ತಪ್ಪದೆಂಬ ಅಭಿಪ್ರಾಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸಿದ್ದಾರೆ. ಆದುದರಿಂದ “ಏನೂ ಮಾಡದೆ ಇಟ್ಟಿದ್ದೇವೆ” ಎಂಬುದು ನಿರ್ದೋಷತೆಯ ಲಕ್ಷಣವಲ್ಲ. ಇಟ್ಟಿರುವುದೂ ಒಂದು ಕ್ರಿಯೆಯೇ. ಮನೆತನದ ಆಯುಧದ ವಿಷಯದಲ್ಲಿ ಶ್ರಾವಕನನ್ನು ಬಂಧಿಸುವುದು ಹಿಂದಿನವರು ಅದರಿಂದ ಏನು ಮಾಡಿದರೆಂಬುದಲ್ಲ, ಇಂದು ತಾನು ಅದನ್ನು ಎಲ್ಲಿ, ಹೇಗೆ, ಯಾರ ಕೈಗೆ ಎಟುಕುವಂತೆ ಇಡುತ್ತಾನೆ ಎಂಬುದು.

ಮೊದಲ ಕರ್ತವ್ಯ: ಮುಟ್ಟದೆ ತಿಳಿಯುವುದು

ಪೆಟ್ಟಿಗೆಯಲ್ಲಿ ಸಿಕ್ಕ ಯಾವುದೇ ಕೋವಿಯಲ್ಲಿ ಗುಂಡು ಇದೆಯೆಂದೇ ಭಾವಿಸಬೇಕು. ಇದು ಕೋವಿಯನ್ನು ಬಲ್ಲವರೆಲ್ಲರೂ ಒಪ್ಪಿದ ಮೊದಲ ನಿಯಮ. ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು, ಟ್ರಿಗರಿನ ಬಳಿ ಬೆರಳು ಹೋಗಬಾರದು, ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಬೇಕು. ಹಳೆಯ ರಿವಾಲ್ವರುಗಳಲ್ಲಿ ಒಂದು ವಿಶೇಷ ಅಪಾಯವಿದೆ. ಅವುಗಳಲ್ಲಿ ಅನೇಕವಕ್ಕೆ ಇಂದಿನ ಸುರಕ್ಷಾ ಏರ್ಪಾಡು ಇಲ್ಲ. ಹಿಂಬದಿಯ ಕುದುರೆ ಗುಂಡಿರುವ ಕೋಶದ ಮೇಲೆಯೇ ಕುಳಿತಿದ್ದರೆ, ಆಯುಧ ಕೈಜಾರಿ ನೆಲಕ್ಕೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಆ ಕಾರಣದಿಂದಲೇ ಹಿಂದಿನವರು ಕುದುರೆಯ ಕೆಳಗಿನ ಒಂದು ಕೋಶವನ್ನು ಖಾಲಿ ಬಿಡುವ ಪದ್ಧತಿಯಿಟ್ಟುಕೊಂಡಿದ್ದರು. ಪೆಟ್ಟಿಗೆ ತೆರೆದವರಿಗೆ ಆ ಪದ್ಧತಿ ಪಾಲಿಸಲ್ಪಟ್ಟಿದೆಯೋ ಇಲ್ಲವೋ ತಿಳಿಯದು. ಆದುದರಿಂದ ಅಭ್ಯಾಸವಿಲ್ಲದವರು ಅದನ್ನು ಬಿಚ್ಚಿ ನೋಡಲು ಹೋಗದೆ, ಇದ್ದಲ್ಲಿಯೇ ಇರಿಸಿ, ಕೋಣೆಗೆ ಬೀಗ ಹಾಕುವುದೇ ಯುಕ್ತ.

ಆಯುಧದ ಪರಿಚಯಕ್ಕೆ ಅದನ್ನು ಕೈಯಲ್ಲಿ ಹಿಡಿದು ಆಡಿಸಬೇಕಾಗಿಲ್ಲ. ನಳಿಗೆಯ ಮೇಲೋ ಮೇಲಿನ ಪಟ್ಟಿಯ ಮೇಲೋ ಕೊರೆದ ತಯಾರಕನ ಹೆಸರು, ಚೌಕಟ್ಟಿನ ಮೇಲಿನ ಕ್ರಮಸಂಖ್ಯೆ, ಪರೀಕ್ಷಾಗೃಹದ ಮುದ್ರೆ ಇವು ಅದರ ಜಾತಕವನ್ನು ಹೇಳುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹ 1813ರ ಕಾನೂನಿನಿಂದ ಸ್ಥಾಪಿತವಾದದ್ದು. ಅಲ್ಲಿ ಪರೀಕ್ಷಿತವಾದ ನಳಿಗೆಗಳಿಗೆ ಮುದ್ರೆ ಬೀಳುತ್ತಿತ್ತು. ಬೆಲ್ಜಿಯಂನ ಲಿಯೇಜ್ ಪಟ್ಟಣದ ಕೋವಿಗಳಿಗೂ ಅದರದೇ ಮುದ್ರೆಯಿದೆ. ವೆಬ್ಲಿ ರಿವಾಲ್ವರನ್ನು ಬ್ರಿಟಿಷ್ ಸೈನ್ಯ 1887ರಲ್ಲಿ ಅಂಗೀಕರಿಸಿತು. ನಡುವೆ ಮುರಿದು ತೆರೆಯುವ ಅದರ ರಚನೆ ಪ್ರಸಿದ್ಧವಾಗಿದೆ. ಸ್ವಾತಂತ್ರ್ಯಾನಂತರ ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ .32 ಅಳತೆಯ ರಿವಾಲ್ವರುಗಳು ತಯಾರಾದವು. ಆದುದರಿಂದ ಹಳತಾಗಿ ಕಾಣುವುದೆಲ್ಲ ಪುರಾತನವಲ್ಲ. ಇವನ್ನೆಲ್ಲ ನಿರ್ಧರಿಸಬೇಕಾದವರು ಪರವಾನಿಗೆ ಹೊಂದಿದ ಕೋವಿ ವ್ಯಾಪಾರಿ ಅಥವಾ ಪೊಲೀಸ್ ಇಲಾಖೆಯ ಶಸ್ತ್ರತಜ್ಞರೇ ಹೊರತು ಮನೆಯವರಲ್ಲ.

“ಒಮ್ಮೆ ಹಾರಿಸಿ ನೋಡೋಣ, ಕೆಲಸ ಮಾಡುತ್ತದೋ ಇಲ್ಲವೋ” ಎಂಬ ಕುತೂಹಲಕ್ಕೆ ಇಲ್ಲಿ ಎಡೆಯಿಲ್ಲ. ಕರಿಮದ್ದಿನ ಕಾಲದಲ್ಲಿ ಮಾಡಿದ ನಳಿಗೆ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಾಳಲಾರದು. ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ 1884ರಲ್ಲಿ ಕಂಡುಹಿಡಿಯಲ್ಪಟ್ಟಿತು. ಅದಕ್ಕಿಂತ ಹಿಂದಿನ ರಚನೆಯ ರಿವಾಲ್ವರಿನಲ್ಲಿ ಇಂದಿನ ಗುಂಡು ತುಂಬಿದರೆ ಅದು ಹಿಡಿದವನ ಕೈಯಲ್ಲಿಯೇ ಸಿಡಿದೀತು. ಕಿಲುಬು ಹಿಡಿದ ಹಳೆಯ ಗುಂಡುಗಳನ್ನು ಉಜ್ಜುವುದು, ಬಿಡಿಸುವುದು, ಬಿಸಿಲಿಗಿಡುವುದು ಯಾವುದೂ ಸಲ್ಲದು. ಆಯುಧ ಬೇರೆ ಗುಂಡು ಬೇರೆಯಾಗಿಯೇ ಇರಬೇಕೆಂಬ ಕೋವಿ ಬಲ್ಲವರ ನಿಯಮಕ್ಕೂ, ಉಪಕರಣಗಳ ಸಂಯೋಗವೂ ಆಸ್ರವಕ್ಕೆ ಆಧಾರವಾಗುತ್ತದೆಂಬ ಆಚಾರ್ಯರ ಮಾತಿಗೂ ಇರುವ ಸಾಮ್ಯ ಗಮನಾರ್ಹವಾಗಿದೆ.

ಕಾನೂನಿನ ಮಾತು

ಪುರಾತನ ವಸ್ತುವಿಗೆ ಪರವಾನಿಗೆ ಬೇಡವೆಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಪ್ರಕರಣ ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ಅದಕ್ಕೊಂದು ನಿಬಂಧನೆಯಿದೆ: ಅಂತಹ ಆಯುಧ ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಉಪಯೋಗಿಸಲು ಶಕ್ಯವಾಗದಂತಹದಾಗಿರಬೇಕು. ನೂರು ವರ್ಷ ಹಳತಾದರೂ ಒಂದು ಸ್ಪ್ರಿಂಗ್ ಬದಲಾಯಿಸಿದರೆ ಹಾರಬಲ್ಲ ರಿವಾಲ್ವರ್ ಕಾನೂನಿನ ದೃಷ್ಟಿಯಲ್ಲಿ ಆಯುಧವೇ. ಪರವಾನಿಗೆಯಿಲ್ಲದೆ ಅದನ್ನು ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ಬಳಿಕ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸಲ್ಪಟ್ಟಿದೆ. ಪರವಾನಿಗೆಯಿಲ್ಲದ ಕಮ್ಮಾರನಿಂದ ದುರಸ್ತಿ ಮಾಡಿಸುವುದೂ ಪರೀಕ್ಷೆ ಮಾಡಿಸುವುದೂ ನಿಷಿದ್ಧ.

ಹಾಗೆಂದು ಕಾನೂನು ಉತ್ತರಾಧಿಕಾರಿಯನ್ನು ಅಪರಾಧಿಯೆಂದು ಭಾವಿಸಿಲ್ಲ. ಯಾವುದೇ ಕಾರಣದಿಂದ ಸ್ವಾಧೀನ ಕಾನೂನುಬದ್ಧವಲ್ಲದ್ದಾದಾಗ, ಅನಾವಶ್ಯಕ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿಯೋ ಪರವಾನಿಗೆ ಪಡೆದ ವ್ಯಾಪಾರಿಯಲ್ಲಿಯೋ ಠೇವಣಿಯಿಡಬೇಕೆಂದು 21ನೆಯ ಪ್ರಕರಣ ವಿಧಿಸುತ್ತದೆ. ಹಾಗೆ ಇಟ್ಟವರು ಗೊತ್ತಾದ ಅವಧಿಯೊಳಗೆ ಅರ್ಹತೆ ಪಡೆದು ಹಿಂದೆ ಪಡೆಯಬಹುದು ಅಥವಾ ಕ್ರಮಬದ್ಧವಾಗಿ ವಿಲೇವಾರಿ ಮಾಡಬಹುದು. ಅವಧಿ ಮೀರಿದರೆ ಅದು ಸರಕಾರದ ವಶವಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಮೃತ ಪರವಾನಿಗೆದಾರನ ವಾರಸುದಾರರಿಗೆ ಪರವಾನಿಗೆ ಕೊಡುವ ಪ್ರತ್ಯೇಕ ಅವಕಾಶವೂ ಇದೆ. ನಿಷೇಧಿತ ಬೋರ್ ಎಂದು ವರ್ಗೀಕೃತವಾದ ಆಯುಧವಾದರೆ ಅನುಮತಿ ಕೊಡುವ ಅಧಿಕಾರ ಕೇಂದ್ರ ಸರಕಾರದ್ದು.

ಇಲ್ಲಿ ಒಂದು ವ್ಯಾವಹಾರಿಕ ಎಚ್ಚರವನ್ನು ಹೇಳಬೇಕು. ಪರವಾನಿಗೆಯಿಲ್ಲದ ಆಯುಧವನ್ನು ಚೀಲದಲ್ಲಿ ಹಾಕಿಕೊಂಡು ಬೀದಿಯಲ್ಲಿ ನಡೆಯುವುದೂ ಅಪಾಯವೇ. ಮೊದಲು ಬರಿಗೈಯಲ್ಲಿ ಠಾಣೆಗೆ ಹೋಗಿ, ಆಯುಧ ಎಲ್ಲಿ, ಯಾವಾಗ, ಯಾರ ಸಮಕ್ಷಮ ದೊರೆಯಿತೆಂದು ಲಿಖಿತವಾಗಿ ತಿಳಿಸಿ, ಮರಣಪತ್ರದ ಮತ್ತು ಹಳೆಯ ಪರವಾನಿಗೆಯ ಪ್ರತಿಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆದು, ಅವರು ಹೇಳಿದ ಕ್ರಮದಲ್ಲಿ ಒಪ್ಪಿಸಬೇಕು. ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಯಲ್ಲಿರಿಸಿ ರಸೀದಿ ಪಡೆಯುವುದು ದಕ್ಷಿಣ ಕನ್ನಡದ ಕೃಷಿಕರಿಗೆ ಪರಿಚಿತವಾದ ಸಂಗತಿ. ಠಾಣೆಯ ಮೆಟ್ಟಿಲು ಹತ್ತುವುದರಲ್ಲಿ ಅಗೌರವವೇನೂ ಇಲ್ಲ.

ಶೂರರ ಪರಂಪರೆಯೆಂಬ ಶಂಕೆ

ಜೈನರು ಆಯುಧವನ್ನು ಮುಟ್ಟಲೇ ಇಲ್ಲವೆ? ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಗಂಗರ ಸೇನಾನಿಯಲ್ಲವೆ? ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ವಂಶದ ರಾಣಿ ಅಬ್ಬಕ್ಕ ಜೈನ ಮನೆತನದವಳಲ್ಲವೆ? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ಹಿಂಸೆಯ ನಾಲ್ಕು ಭೇದಗಳಲ್ಲಿ ಗೃಹಸ್ಥನು ಸರ್ವಥಾ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು ಮಾತ್ರವಲ್ಲವೆ? ಹೀಗಿರಲು ಆತ್ಮರಕ್ಷಣೆಗೆಂದು ಒಂದು ರಿವಾಲ್ವರ್ ಇದ್ದರೆ ದೋಷವೇನು?

ಈ ಶಂಕೆ ಗೌರವಾರ್ಹವಾದುದು. ಅದಕ್ಕೆ ಸಮಾಧಾನವನ್ನೂ ಗೌರವದಿಂದಲೇ ಹೇಳಬೇಕು. ಚಾವುಂಡರಾಯನ ಖಡ್ಗ ರಾಜ್ಯದ ಹೊಣೆಯನ್ನು ಹೊತ್ತಿತ್ತು. ಅಬ್ಬಕ್ಕನ ಮುಂದೆ ಬಂದರಿಗೆ ನುಗ್ಗಿದ ನೌಕೆಗಳಿದ್ದವು. ಇಬ್ಬರ ಆಯುಧಕ್ಕೂ ಪ್ರಜಾರಕ್ಷಣೆಯೆಂಬ ಕರ್ತವ್ಯವಿತ್ತು. ಆ ಕರ್ತವ್ಯವನ್ನು ಇಂದು ಪೊಲೀಸರೂ ಸೈನ್ಯವೂ ವಹಿಸಿಕೊಂಡಿರುವಾಗ, ಕರ್ತವ್ಯವಿಲ್ಲದೆ ಆಯುಧವನ್ನು ಮಾತ್ರ ಉಳಿಸಿಕೊಳ್ಳುವುದು ಪರಂಪರೆಯ ರಕ್ಷಣೆಯಲ್ಲ. ವಿರೋಧೀ ಹಿಂಸೆಗೆ ಕೊಟ್ಟ ಅವಕಾಶ ಎದುರಿಗಿರುವ ವಿರೋಧಿಗೆ ಸಂಬಂಧಿಸಿದುದು. ಬರಬಹುದಾದ ವಿರೋಧಿಯನ್ನು ಕಲ್ಪಿಸಿಕೊಂಡು ವರ್ಷಗಟ್ಟಲೆ ಕೊಲೆಯ ಸಾಧನವನ್ನು ಸಿದ್ಧವಾಗಿಡುವುದಕ್ಕೆ ಕೊಟ್ಟ ಅಪ್ಪಣೆಯಲ್ಲ.

ಲೋಕಾನುಭವವೂ ಇದನ್ನೇ ಸಮರ್ಥಿಸುತ್ತದೆ. ಅಮೆರಿಕದ ವೈದ್ಯ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ಆ ದೇಶದ ಮೂರು ಕೌಂಟಿಗಳಲ್ಲಿ ಮನೆಯೊಳಗೆ ನಡೆದ ಕೊಲೆಗಳನ್ನು ಅಭ್ಯಸಿಸಿ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೋವಿಯಿರುವ ಮನೆಯಲ್ಲಿ ಕೊಲೆಯ ಸಂಭವ ಸುಮಾರು 2.7 ಪಟ್ಟು ಹೆಚ್ಚಾಗಿ ಕಂಡಿತು. ಆ ಹೆಚ್ಚಳ ಬಹುಮಟ್ಟಿಗೆ ಕುಟುಂಬದವರ ಅಥವಾ ನಿಕಟ ಪರಿಚಿತರ ಕೈಯಿಂದ ಆದ ಕೊಲೆಗಳದ್ದಾಗಿತ್ತು. ಆ ದೇಶದ ಸ್ಥಿತಿಯನ್ನು ಮಂಗಳೂರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಕಳ್ಳನಿಗಾಗಿ ಇಟ್ಟ ಆಯುಧ ಕಳ್ಳನಿಗಿಂತ ಮೊದಲು ಮನೆಯವರ ಕೋಪಕ್ಕೂ ದುಃಖಕ್ಕೂ ಕೈಗೆಟಕುತ್ತದೆ ಎಂಬುದನ್ನು ಒಪ್ಪಲು ಯಾವ ಅಂಕಿ-ಅಂಶವೂ ಬೇಕಾಗಿಲ್ಲ.

ನೆರೆಯ ಕೊಡಗಿನ ಉದಾಹರಣೆಯನ್ನೂ ಕೆಲವರು ಮುಂದಿಡುತ್ತಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಪರವಾನಿಗೆಯಿಂದ ವಿನಾಯಿತಿಯಿದೆ; 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೋದಿನಂದು ಅವರು ಕೋವಿಯನ್ನು ಪೂಜಿಸುತ್ತಾರೆ. ಅದು ಆ ನೆಲದ ಜೀವನಕ್ರಮದೊಂದಿಗೆ ಹೊಂದಿಕೊಂಡ, ಸಮಾಜವೆಲ್ಲ ಬಹಿರಂಗವಾಗಿ ನಡೆಸುವ ಆಚರಣೆ. ಮಣ್ಣಗುಡ್ಡದ ಉಪ್ಪರಿಗೆಯಲ್ಲಿ ಯಾರಿಗೂ ತಿಳಿಯದಂತೆ ಉಳಿದ ರಿವಾಲ್ವರಿಗೆ ಅದರ ಹೋಲಿಕೆ ಸಲ್ಲದು.

ಇನ್ನು ಮನೆತನದ ಅಭಿಮಾನ. 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಿಗೆಯನ್ನು ವಿಧಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಆ ಕಾಲದಲ್ಲಿ ಮನೆಯಲ್ಲೊಂದು ರಿವಾಲ್ವರ್ ಇರುವುದೆಂದರೆ ಆಳುವವರು ಆ ಮನೆಯವರನ್ನು ನಂಬಿದ್ದಾರೆಂಬುದರ ಗುರುತಾಗಿತ್ತು. ಕಿರಿಯ ಮಗ ಗಾಜಿನ ಚೌಕಟ್ಟಿನಲ್ಲಿಡಲು ಬಯಸುವುದು ಅಜ್ಜನ ಶೌರ್ಯವನ್ನೋ ಅಥವಾ ಅಜ್ಜನಿಗೆ ಪರಕೀಯರು ಕೊಟ್ಟ ಅನುಮತಿಯನ್ನೋ ಎಂಬುದನ್ನು ಅವನು ಒಮ್ಮೆ ಯೋಚಿಸಬೇಕು.

ಕೊಡುವುದರಲ್ಲಿಯೂ ಹಿಂಸೆ

ಇಟ್ಟುಕೊಳ್ಳಬಾರದೆಂದಾದರೆ ಕೊಟ್ಟುಬಿಡೋಣವೆಂದು ತೋರುವುದು ಸಹಜ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಹಿಂಸಾದಾನವನ್ನು ಪ್ರತ್ಯೇಕವಾಗಿ ಎಣಿಸಿದ್ದಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ವಧೆಗೆ ಕಾರಣವಾಗುವ ವಸ್ತುಗಳನ್ನು ಮತ್ತೊಬ್ಬರಿಗೆ ಕೊಡುವುದು ಹಿಂಸಾದಾನ. ಕೊಟ್ಟವನು ಕೈ ತೊಳೆದುಕೊಳ್ಳಲಾರನೆಂಬುದೇ ಇದರ ತಾತ್ಪರ್ಯ.

ಈ ದೃಷ್ಟಿಯಿಂದ ನೋಡಿದರೆ ಹಿರಿಯ ಮಗನ ಮಾರಾಟದ ಯೋಚನೆ ನಿಲ್ಲದು. ಗುಟ್ಟಾಗಿ ಮಾರಿದರೆ ಅದು ಅಪರಾಧ. ಕ್ರಮಬದ್ಧವಾಗಿ ಮಾರಿದರೂ ಹಾರಬಲ್ಲ ಆಯುಧವೊಂದು ಹಣಕ್ಕಾಗಿ ಇನ್ನೊಬ್ಬನ ಕೈ ಸೇರಿತೆಂಬ ಸಂಗತಿ ಉಳಿಯುತ್ತದೆ. ನೂರು ವರ್ಷ ಮೀರಿದ ವಸ್ತುವಾದರೆ 1972ರ ಪುರಾವಸ್ತು ಕಾಯಿದೆಯಂತೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತೆಯೂ ಇಲ್ಲ. “ಬಂದ ಹಣವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡೋಣ” ಎಂಬ ಮಾತು ದೋಷವನ್ನು ತೊಳೆಯದು. ದೋಷದಲ್ಲಿ ಬಸದಿಯನ್ನೂ ಪಾಲುಗಾರನನ್ನಾಗಿ ಮಾಡುತ್ತದೆ. ಬಸದಿಗಳ ಆಡಳಿತ ಮಂಡಳಿಯವರು ಈ ವಿಷಯದಲ್ಲಿ ಸ್ಪಷ್ಟವಾಗಿರುವುದು ಲೇಸು. ಆಯುಧವನ್ನು ಕಾಣಿಕೆಯಾಗಿಯೂ ಪ್ರದರ್ಶನಕ್ಕಾಗಿಯೂ ಸ್ವೀಕರಿಸಬಾರದು. ಬಸದಿಯ ಭಂಡಾರದಲ್ಲಿ ಹಿಂದೆಂದೋ ಸೇರಿದ ಕೋವಿಯಿದ್ದರೆ ಅದನ್ನು ದಾಖಲಿಸಿ, ಮೇಲೆ ಹೇಳಿದ ಕ್ರಮದಲ್ಲಿಯೇ ಒಪ್ಪಿಸಬೇಕು. ಭಂಡಾರದ ಬೀಗದ ಕೈ ಇದ್ದವರ ಮೇಲೆ ಕಾನೂನಿನ ಹೊಣೆಯೂ ಇದೆಯೆಂಬುದನ್ನು ಮರೆಯುವಂತಿಲ್ಲ.

ತಾಯಿಯ ಮಾತು ಹೆಚ್ಚು ಸಾತ್ತ್ವಿಕವಾಗಿ ಕಾಣುತ್ತದೆ. ಮಣ್ಣಗುಡ್ಡದಿಂದ ಹೊಳೆ ದೂರವಿಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿಯ ದಡದಲ್ಲಿ ನಿಂತು ಎಸೆದರೆ ಗುರುಪುರ ನದಿ ಅದನ್ನು ನುಂಗಿಬಿಡುತ್ತದೆ ಎಂದು ತೋರುತ್ತದೆ. ಆದರೆ ಅದೇ ನೀರಿನಲ್ಲಿ ಬಲೆ ಬೀಸುವವರಿದ್ದಾರೆ, ಇಳಿತದ ಕೆಸರಿನಲ್ಲಿ ಚಿಪ್ಪು ಹೆಕ್ಕುವವರಿದ್ದಾರೆ. ಎಲ್ಲಿ ಬಿದ್ದಿತು, ಯಾರಿಗೆ ಸಿಕ್ಕಿತು ಎಂಬುದು ಎಸೆದವನಿಗೆ ತಿಳಿಯುವುದೇ ಇಲ್ಲ. ನೋಡದೆ, ಶೋಧಿಸದೆ, ಅವಸರದಿಂದ, ಲಕ್ಷ್ಯವಿಲ್ಲದೆ ಇಡುವ ನಾಲ್ಕೂ ನಿಕ್ಷೇಪಗಳು ಆ ಒಂದು ಎಸೆತದಲ್ಲಿ ಕೂಡಿವೆ. ಕಣ್ಣಿಗೆ ಕಾಣದಂತಾದುದು ಇಲ್ಲವಾಯಿತೆಂದು ತಿಳಿಯುವುದು ಭಯದ ಲಕ್ಷಣವೇ ಹೊರತು ವಿರಕ್ತಿಯ ಲಕ್ಷಣವಲ್ಲ.

ಹಾಗಾದರೆ ಠಾಣೆಗೆ ಒಪ್ಪಿಸುವುದೂ ಕೊಡುವುದೇ ಅಲ್ಲವೆ ಎಂಬ ಸೂಕ್ಷ್ಮವಾದ ಪ್ರಶ್ನೆ ಉಳಿಯುತ್ತದೆ. ಇದನ್ನು ಮರೆಮಾಚಬೇಕಾಗಿಲ್ಲ. ಅಲ್ಲಿಯೂ ಆಯುಧ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ. ಆದರೆ ಭೇದವಿದೆ. ಅಲ್ಲಿ ಲಾಭದ ಆಸೆಯಿಲ್ಲ, ಗುಟ್ಟಿಲ್ಲ, ಆಯುಧ ಎಲ್ಲಿದೆಯೆಂಬುದಕ್ಕೆ ದಾಖಲೆಯಿದೆ, ಅದಕ್ಕೆ ಉತ್ತರ ಹೇಳಬೇಕಾದವರಿದ್ದಾರೆ. ಹಿಂದೆ ಪಡೆಯುವ ಇಚ್ಛೆಯಿಲ್ಲ, ಮಾರುವ ಇಚ್ಛೆಯೂ ಇಲ್ಲ, ನಾಶಪಡಿಸಬೇಕೆಂದು ಕುಟುಂಬದ ಕೋರಿಕೆ ಎಂದು ಬರೆದುಕೊಡುವ ಅವಕಾಶವೂ ಮನೆಯವರಿಗಿದೆ. ಆಸ್ಟ್ರೇಲಿಯದಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ಬಳಿಕ ಸರಕಾರ ಸುಮಾರು ಆರೂವರೆ ಲಕ್ಷ ಕೋವಿಗಳನ್ನು ಜನರಿಂದ ಹಿಂದೆ ಪಡೆದು ನಾಶಮಾಡಿಸಿತು. ಅಹಿಂಸಾವ್ರತದ ಹೆಸರನ್ನೇ ಕೇಳದ ಅಲ್ಲಿಯ ಸಾಮಾನ್ಯ ಗೃಹಸ್ಥರು ಅಷ್ಟನ್ನು ಮಾಡಬಲ್ಲವರಾದರೆ ಅಣುವ್ರತಿಗಳ ಮನೆಯಲ್ಲಿ ಒಂದು ರಿವಾಲ್ವರನ್ನು ಬಿಡುವುದು ಕಷ್ಟವಾಗಬಾರದು. ಗೃಹಸ್ಥನ ವ್ರತಕ್ಕೆ ಅಣುವ್ರತವೆಂದು ಹೆಸರಿಟ್ಟವರಿಗೆ ಅವನ ಮಿತಿಯ ಅರಿವಿತ್ತು. ಪೂರ್ಣ ನಿರ್ದೋಷವಾದ ದಾರಿ ಇಲ್ಲದಿದ್ದಾಗ ಅಲ್ಪದೋಷದ ದಾರಿಯನ್ನು ತೆರೆದ ಕಣ್ಣಿನಿಂದ ಆರಿಸಿಕೊಳ್ಳುವುದೇ ಅವನ ಧರ್ಮ.

ಬಾಹುಬಲಿಯ ಕೈ

ಭರತ-ಬಾಹುಬಲಿಯರ ಕಥೆಯನ್ನು ಅರಿಯದ ಜೈನ ಮನೆಯಿಲ್ಲ. ಸೈನ್ಯಗಳು ಹೋರಾಡಿ ಜೀವಹಾನಿಯಾಗುವುದು ಬೇಡವೆಂದು ಸೋದರರಿಬ್ಬರೂ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಎದುರಾದರು. ಮೂರರಲ್ಲಿಯೂ ಸೋತ ಭರತನು ಕೋಪದಿಂದ ಚಕ್ರರತ್ನವನ್ನು ಪ್ರಯೋಗಿಸಿದನು. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತೇ ಹೊರತು ಹಾನಿ ಮಾಡಲಿಲ್ಲ. ಅದು ಬಂಧುವನ್ನು ಕೊಲ್ಲದು. ಮನುಷ್ಯನು ಮಾಡಿದ ರಿವಾಲ್ವರಿಗೆ ಆ ವಿವೇಕವಿಲ್ಲ. ಅದು ಬಂಧುವನ್ನೂ ಅರಿಯದು, ಮಗುವನ್ನೂ ಅರಿಯದು. ಆದುದರಿಂದ ಚಕ್ರಕ್ಕಿದ್ದ ವಿವೇಕವನ್ನು ಅದರ ಒಡೆಯನೇ ತೋರಬೇಕಾಗಿದೆ.

ಗೆದ್ದ ಬಾಹುಬಲಿ ಗೆದ್ದುದನ್ನೆಲ್ಲ ಬಿಟ್ಟು ನಡೆದನು. 1432ರಲ್ಲಿ ಕಾರ್ಕಳದಲ್ಲಿಯೂ 1604ರಲ್ಲಿ ವೇಣೂರಿನಲ್ಲಿಯೂ ತುಳುನಾಡಿನ ಅರಸರು ಆ ಮೂರ್ತಿಯನ್ನು ನಿಲ್ಲಿಸಿದರು. ಖಡ್ಗ ಹಿಡಿದು ಆಳಿದವರು ತಮ್ಮ ಮುಂದಿನವರಿಗೆ ನೆನಪಾಗಿ ಬಿಟ್ಟುಹೋದುದು ಬರಿಗೈಯ ವಿಗ್ರಹವನ್ನು. ಮನೆತನದ ನೆನಪನ್ನು ಹೇಗೆ ಉಳಿಸಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಮಣ್ಣಗುಡ್ಡದ ಆ ಮನೆಯವರು ಇಷ್ಟು ಮಾಡಿದರೆ ಸಾಕು. ಕೋಣೆಗೆ ಬೀಗ ಹಾಕಿ ಮರುದಿನ ಬೆಳಿಗ್ಗೆ ಇಬ್ಬರು ಮಕ್ಕಳೂ ಪತ್ರದೊಂದಿಗೆ ಠಾಣೆಗೆ ಹೋಗಲಿ. ಆಯುಧ ಹೊರಟ ಮೇಲೆ ಹಳೆಯ ಪರವಾನಿಗೆಯ ಒಂದು 복ಪ್ರತಿಯನ್ನೂ ಠಾಣೆಯ ರಸೀದಿಯನ್ನೂ ಮನೆಯ ದಾಖಲೆಗಳೊಂದಿಗೆ ಇರಿಸಲಿ. ಅಜ್ಜನ ಭಾವಚಿತ್ರ ಗೋಡೆಯಲ್ಲಿರಲಿ. ಮುಂದೊಂದು ದಿನ ಮೊಮ್ಮಗುವೊಂದು ಆ ರಸೀದಿಯನ್ನು ಕಂಡು ಇದೇನೆಂದು ಕೇಳಿದರೆ, ಹಿರಿಯರಿಂದ ಬಂದುದರಲ್ಲಿ ಒಂದನ್ನು ಈ ಮನೆಯವರು ಮುಂದಕ್ಕೆ ದಾಟಿಸಲಿಲ್ಲವೆಂದು ಹೇಳಬಹುದು. ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಲ್ಲಿ ಅದೂ ಸೇರಿರುತ್ತದೆ.